ಚಳಿಯಾಗ ಟ್ರಾಕ್ಟರ್ ಯಾಕ ಚಾಲೂ ಆಗೂದಿಲ್ಲ?

 

ಈ ಸಲದ ಗೋಡೆ ಪತ್ರಿಕೆಗೆ ನಾನು ಟ್ರಾಕ್ಟರಿನ ಬಗ್ಗೆ ಬರೆಯುತ್ತಿದ್ದೇನೆ. "ಟ್ರಾಕ್ಟರಿನಾಗ ಬರಿಯೂವಂಥಾದ್ದು ಏನೈತಿ?" ಎಂದು ನಗಬೇಡಿರಿ. ಎಳ್ಳಮಾವಾಸ್ಯೆಯ ಹಿಂದಿನ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಓದಿದರೆ ಯಾಕೆ ಬರೆದೆ ಎಂಬುದು ನಿಮಗೇ ತಿಳಿಯುತ್ತದೆ.

ಅಂದು ನಮ್ಮ ತೊಗರಿ ರಾಶಿ ಇತ್ತು. ರಾಶಿ ಮಷಿನ್ನು ಬಾಡಿಗೆಗೆ ಬಂದಿತ್ತು. ಮಧ್ಯಾಹ್ನ ಅದು ಬೇರೆಯವರ ಹೊಲಕ್ಕೆ ಹೋಗಬೇಕು. ಮೋಡ ಬೇರೆ ಕವಿದಿತ್ತು. ಮುಂಜಾನೆ ಐದೂವರೆಗೆ ಅಪ್ಪ ಕೀಲಿ ತಿರುವಿದರೆ ನಮ್ಮ ಹಳೆಯ ಟ್ರಾಕ್ಟರು "ಕುಂಯ್ ಕುಂಯ್" ಎಂದು ನರಳಿ ಸುಮ್ಮನಾಯಿತು. ಹತ್ತು ಸಲ ತಿರುವಿದ ಮೇಲೆ ಬ್ಯಾಟರಿಯೂ ಕೈಬಿಟ್ಟಿತು.

ಆಗ ನಮ್ಮ ಕಾಕಾ, "ಎಂಜಿನ್ ತಣ್ಣಗಾಗೈತಿ, ಸ್ವಲ್ಪ ಕಾಸಿದ್ರ ಚಾಲೂ ಆಗ್ತೈತಿ" ಎಂದು ಬಡಿಗೆಗೆ ಹಳೇ ಅರಿವೆ ಸುತ್ತಿ, ಡೀಸೆಲ್‌ನಲ್ಲಿ ಅದ್ದಿ, ಬೆಂಕಿ ಹಚ್ಚಿ ಎಂಜಿನ್ ಕೆಳಗೆ ಹಿಡಿದ. ಡೀಸೆಲ್ ಪೈಪು ಸ್ವಲ್ಪ ಸೋರುತ್ತಿದ್ದುದನ್ನು ಯಾರೂ ನೋಡಿರಲಿಲ್ಲ. ಭಗ್ ಎಂದು ಉರಿ ಎದ್ದಿತು. ಅಪ್ಪ ಉಸುಕು ತೂರಿದ. ಅವ್ವ ಗೋಣಿ ಚೀಲ ತೋಯಿಸಿ ಕೊಟ್ಟಳು. ಉರಿ ಆರಿತು. ಆದರೆ ಕಾಕಾನ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಹತ್ತು ಹೆಜ್ಜೆ ಆಚೆ ಕಣಕಿ ಬಣವಿ ಇತ್ತು. ಅದಕ್ಕೆ ಹತ್ತಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ.

ನಾನು ವಿಜ್ಞಾನದ ಗುರುಗಳನ್ನು ಕೇಳಿದೆ, "ಸರ್, ಎಂಜಿನ್ ಕಾಸಬೇಕು ಅನ್ನೂದು ತಪ್ಪೇನ್ರಿ?" ಅವರು ಹೇಳಿದರು, "ವಿಚಾರ ತಪ್ಪಲ್ಲ, ಕಾಸಿದ ರೀತಿ ತಪ್ಪು." ಅಲ್ಲಿಂದ ನಾನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಡೀಸೆಲ್ ಹೇಗೆ ಹೊತ್ತಿಕೊಳ್ಳುತ್ತದೆ?

ಮೋಟಾರ್ ಸೈಕಲ್ಲಿನ ಪೆಟ್ರೋಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುತ್ತದೆ. ಅದು ಕಿಡಿ ಹಾರಿಸಿ ಬೆಂಕಿ ಹಚ್ಚುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ. ಹಾಗಾದರೆ ಬೆಂಕಿ ಎಲ್ಲಿಂದ ಬಂತು?

ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಕೆಳಗೆ ಮುಟ್ಟಿ ನೋಡಿರಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಒಮ್ಮೆಲೇ ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಸಣ್ಣ ಜಾಗಕ್ಕೆ ಒತ್ತುತ್ತದೆ. ಆಗ ಆ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ನಾಜಲ್ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿದ ಕೂಡಲೇ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು ಇಂಥ ಎಂಜಿನ್ನನ್ನು 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದರು. ಅವರ ಹೆಸರೇ ಎಂಜಿನ್ನಿಗೂ ಎಣ್ಣೆಗೂ ಬಂತು.

ಈಗ ಚಳಿಯ ಮಾತು. ಚಳಿಯಲ್ಲಿ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ಒಂದು, ಒಳಗೆ ಬರುವ ಗಾಳಿ ತಣ್ಣಗಿರುತ್ತದೆ, ಸುತ್ತಲಿನ ಕಬ್ಬಿಣವೂ ತಣ್ಣಗಿದ್ದು ಬಿಸಿಯನ್ನು ಹೀರಿಕೊಳ್ಳುತ್ತದೆ. ಎರಡು, ಎಂಜಿನ್ ಆಯಿಲ್ ದಪ್ಪಗಾಗಿ ತಿರುಗಲು ಬಿಗಿಯಾಗುತ್ತದೆ. ಮೂರು, ಬ್ಯಾಟರಿಯ ಶಕ್ತಿಯೂ ಕಡಿಮೆಯಾಗುತ್ತದೆ. ಎಂಜಿನ್ ನಿಧಾನ ತಿರುಗಿದರೆ ಒತ್ತಿದ ಗಾಳಿ ರಿಂಗುಗಳ ಸಂದಿಯಿಂದ ಸೋರಿಹೋಗುತ್ತದೆ, ಕಾಯಬೇಕಾದಷ್ಟು ಕಾಯುವುದಿಲ್ಲ. ಬಿಳಿ ಹೊಗೆ ಬಂದು ಎಂಜಿನ್ ಹತ್ತದಿದ್ದರೆ, ಡೀಸೆಲ್ ಒಳಗೆ ಹೋಗಿದೆ, ಸುಡದೆ ಹೊರಗೆ ಬರುತ್ತಿದೆ ಎಂದು ತಿಳಿಯಬೇಕು.

ಚಳಿ ದೇಶದವರು ಏನು ಮಾಡುತ್ತಾರೆ?

ಅಮೆರಿಕಾದ ಉತ್ತರ ಡಕೋಟಾ ರಾಜ್ಯದಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗೆ ಹೋಗುತ್ತದೆ. ಅಲ್ಲಿಯ ಆಂಡ್ರ್ಯೂ ಫ್ರೀಮನ್ ಎಂಬವರು ಎಂಜಿನ್ ಕಾಸುವ ವಿದ್ಯುತ್ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಈಗ ಇಂಥವಕ್ಕೆ ಬ್ಲಾಕ್ ಹೀಟರ್ ಎನ್ನುತ್ತಾರೆ. ಇದು ನಮ್ಮ ಮನೆಯ ನೀರು ಕಾಸುವ ಕಾಯಿಲ್ ಇದ್ದ ಹಾಗೆ. ಆದರೆ ಬಕೀಟಿನ ಬದಲು ಎಂಜಿನ್ನಿನೊಳಗಿನ ನೀರನ್ನು ಕಾಸುತ್ತದೆ.

ಇದನ್ನು ಕೂಡಿಸುವ ಕ್ರಮ ಹೀಗಿದೆ. ಎಂಜಿನ್ ಬ್ಲಾಕಿನ ಬದಿಯಲ್ಲಿ ದುಂಡನೆಯ ತಗಡಿನ ಬಿರಡೆಗಳಿರುತ್ತವೆ. ಬ್ಲಾಕನ್ನು ಎರಕ ಹೊಯ್ದಾಗ ಒಳಗಿನ ಉಸುಕು ತೆಗೆಯಲು ಬಿಟ್ಟ ತೂತುಗಳನ್ನು ಅವುಗಳಿಂದ ಮುಚ್ಚಿರುತ್ತಾರೆ. ಎಂಜಿನ್ ಪೂರಾ ಆರಿದ ಮೇಲೆ ರೇಡಿಯೇಟರ್ ಮತ್ತು ಬ್ಲಾಕಿನ ನೀರು ಇಳಿಸಬೇಕು. ಆ ಟ್ರಾಕ್ಟರಿನ ಪುಸ್ತಕದಲ್ಲಿ ಹೇಳಿದ ಬಿರಡೆಯನ್ನು ತೆಗೆದು, ತೂತಿನ ಅಂಚಿನ ಜಂಗು ಒರೆಸಬೇಕು. ರಬ್ಬರ್ ಬಳೆಗೆ ಗ್ರೀಸ್ ಸವರಿ ಹೀಟರನ್ನು ಒಳಗೆ ಕೂಡಿಸಬೇಕು. ಅದರ ಕಾಯುವ ಭಾಗ ಒಳಗಿನ ಕಬ್ಬಿಣಕ್ಕೆ ತಾಗಬಾರದು. ಸ್ಕ್ರೂ ಬಿಗಿದು, ಕೂಲಂಟ್ ತುಂಬಿ, ಎಂಜಿನ್ ಓಡಿಸಿ ಗಾಳಿ ತೆಗೆದು, ಸೋರುತ್ತದೋ ಹೇಗೆ ಎಂದು ನೋಡಬೇಕು. ನೀರಿಲ್ಲದೆ ಕರೆಂಟ್ ಕೊಟ್ಟರೆ ಹೀಟರ್ ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ವೈರು ಸೈಲೆನ್ಸರಿಗೂ ಫ್ಯಾನಿಗೂ ದೂರ ಇರಬೇಕು. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಬೇಕು, ಯಾಕೆಂದರೆ ಟ್ರಾಕ್ಟರ್ ಅಂದರೆ ಪೂರಾ ಕಬ್ಬಿಣ. 1000 ವ್ಯಾಟಿನ ಹೀಟರ್ ಎರಡು ತಾಸು ಹಚ್ಚಿದರೆ 2 ಯೂನಿಟ್ ಕರೆಂಟ್ ಖರ್ಚು. ಲೆಕ್ಕ ನೀವೇ ಮಾಡಿ ನೋಡಿರಿ.

ನಮ್ಮ ದೇಶದಲ್ಲೂ ಅಂಥ ಚಳಿಯ ಜಾಗಗಳಿವೆ. ಲಡಾಖ್‌ನಲ್ಲಿ ಸಾದಾ ಡೀಸೆಲೇ ಗಟ್ಟಿಯಾಗುತ್ತಿತ್ತು. ಅದಕ್ಕಾಗಿ ಇಂಡಿಯನ್ ಆಯಿಲ್ ಸಂಸ್ಥೆ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು 2019ರಲ್ಲಿ ತಂದಿತು.

ನಮಗೆ ಬೇಕೇನು?

ಬೇಡ. ಕುಷ್ಟಗಿ ಇರಲಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ಇರಲಿ, ನಮ್ಮಲ್ಲಿ ಚಳಿಗಾಲದ ಮುಂಜಾನೆಯೂ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಬಹಳ ಅಪರೂಪ. ಇಷ್ಟು ಚಳಿಗೆ ಸರಿಯಾಗಿರುವ ಟ್ರಾಕ್ಟರ್ ಚಾಲೂ ಆಗಲೇಬೇಕು. ಗಂಗಾವತಿ ಕಡೆ ಜನವರಿಯಲ್ಲಿ ಭತ್ತದ ಗದ್ದೆಗೆ ಕೆಸರು ಹೊಡೆಯುವವರು ನಸುಕಿನಲ್ಲೇ ಟ್ರಾಕ್ಟರ್ ಇಳಿಸುತ್ತಾರೆ, ಅವರು ಯಾರೂ ಬ್ಲಾಕ್ ಹೀಟರ್ ಹಚ್ಚಿಲ್ಲ. ಚಾಲೂ ಆಗದಿದ್ದರೆ ದೋಷ ಚಳಿಯದಲ್ಲ, ನಮ್ಮದು.

ಮರುದಿನ ಮೇಸ್ತ್ರಿ ಬಂದು ನೋಡಿದಾಗ ನಾಲ್ಕು ದೋಷ ಸಿಕ್ಕವು. ಬ್ಯಾಟರಿಯ ಟರ್ಮಿನಲ್ಲಿಗೆ ಬಿಳಿ ಪುಡಿ ಕಟ್ಟಿ ಸಡಿಲಾಗಿತ್ತು. ಆಯಿಲ್ ಬದಲಿಸದೆ ಬಹಳ ದಿನವಾಗಿ ಡಾಂಬರಿನಂತಾಗಿತ್ತು. ಏರ್ ಕ್ಲೀನರಿನಲ್ಲಿ ತೊಗರಿ ಹೊಟ್ಟು, ಧೂಳು ತುಂಬಿತ್ತು. ನಾಲ್ಕನೆಯದು ಕೇಳಿ ನನಗೆ ಆಶ್ಚರ್ಯವಾಯಿತು. ನಮ್ಮ ಟ್ರಾಕ್ಟರಿನಲ್ಲಿ ಮೊದಲೇ ಒಂದು ಸಣ್ಣ ಹೀಟರ್ ಇತ್ತು! ಗಾಳಿ ಒಳಗೆ ಹೋಗುವ ದಾರಿಯಲ್ಲಿ ಕೂಡಿಸಿದ ಕಾಯಿಲ್ ಅದು. ಕೀಲಿಯನ್ನು ಹೀಟ್ ಎಂಬ ಗುರುತಿಗೆ ತಿರುವಿ ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿದರೆ ಕೆಂಪಗಾಗಿ ಒಳಗೆ ಹೋಗುವ ಗಾಳಿಯನ್ನು ಕಾಸುತ್ತದೆ. ಅದರ ವೈರು ಕಡಿದು ಎಷ್ಟು ವರ್ಷವಾಗಿತ್ತೋ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವೈರು ಹಚ್ಚಿ, ಆಯಿಲ್ ಬದಲಿಸಿ, ಟರ್ಮಿನಲ್ ತಿಕ್ಕಿದ ಮೇಲೆ ಒಂದೇ ಸಲಕ್ಕೆ ಚಾಲೂ ಆಯಿತು. ಸೋರುವ ಪೈಪನ್ನೂ ಬದಲಿಸಿದೆವು.

ಇವನ್ನು ನೆನಪಿಡಿರಿ

1. ಎಂಜಿನ್ ಹತ್ತಿರ ಬೆಂಕಿ ಒಯ್ಯಬ್ಯಾಡ್ರಿ. ಉರಿಯುವ ಅರಿವೆಯನ್ನು ಏರ್ ಕ್ಲೀನರಿಗೂ ಹಿಡಿಯಬಾರದು.
2. ಹೀಟರ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬಾರದು, ಸಿಡಿಯುತ್ತದೆ.
3. ಸ್ಟಾರ್ಟರನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿರಿ. ನಡುವೆ ಅರ್ಧ ನಿಮಿಷ ಬಿಡಿರಿ.
4. ನೆಲದ ಮೇಲೆ ನಿಂತು ಸ್ಕ್ರೂಡ್ರೈವರ್ ಹಚ್ಚಿ ಚಾಲೂ ಮಾಡಬಾರದು. ಗೇರಿನಲ್ಲಿದ್ದರೆ ಟ್ರಾಕ್ಟರ್ ಮೈಮೇಲೆ ಬರುತ್ತದೆ. ಸೀಟಿನ ಮೇಲೆ ಕುಳಿತು, ನ್ಯೂಟ್ರಲ್ ನೋಡಿಯೇ ಕೀಲಿ ತಿರುವಬೇಕು.
5. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ.
6. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು, ಬ್ಲಾಕ್ ಸೀಳಬಹುದು. ಕಾದ ರೇಡಿಯೇಟರಿನ ಮುಚ್ಚಳವನ್ನೂ ತೆಗೆಯಬಾರದು.
7. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣನೆಯ ನೀರು ಬಿಡಬೇಕು. ಮಸಿ, ಪೇಸ್ಟ್, ಎಣ್ಣೆ ಹಚ್ಚಬಾರದು. ಆಮೇಲೆ ದವಾಖಾನೆಗೆ ಹೋಗಬೇಕು. ನಾವು ಮೊದಲು ಪೇಸ್ಟ್ ಹಚ್ಚಿದ್ದೆವು. ಅದನ್ನು ತೆಗೆಯುವಾಗ ಕಾಕಾ ಒದರಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಕೊಪ್ಪಳದ ಗವಿಮಠದ ಜಾತ್ರೆಗೆ ಕಾಕಾ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ. ಈಗ ಕೈ ವಾಸಿಯಾಗಿದೆ, ಆದರೆ ಬೆರಳು ಪೂರಾ ಮಡಚುವುದಿಲ್ಲ. ಇದನ್ನು ಬರೆಯಲೇ ಎಂದು ಅವನನ್ನೇ ಕೇಳಿದೆ. "ನನ್ನ ಹೆಸರು ಬರಿಬ್ಯಾಡ, ಕೈ ಸುಟ್ಟದ್ದು ಬರಿ. ಓದಿದವರು ಮನ್ಯಾಗ ಹೇಳ್ತಾರ" ಎಂದ.

ಅದಕ್ಕೇ ಕೇಳುತ್ತೇನೆ, ನೀವೂ ಮನೆಯಲ್ಲಿ ಹೇಳಿರಿ. ನಿಮ್ಮ ಟ್ರಾಕ್ಟರಿನ ಕೀಲಿಯ ಹತ್ತಿರ ಹೀಟ್ ಎಂಬ ಗುರುತು ಇದೆಯೋ ಇಲ್ಲವೋ ನೋಡಿಬಂದು ನನಗೆ ತಿಳಿಸಿರಿ. ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಗೆಳೆಯ,
9ನೇ ತರಗತಿ