ಗುಜರಿಯಲ್ಲಿ ದೊರೆಯುವ ಹಳೆಯ ಕೈಸಲಕರಣೆಗಳು: ಗುರುತಿಸುವ ಬಗೆ

ಗ್ರಾಮದ ಆಯಗಾರರಲ್ಲಿ ಬಡಗಿ ಮತ್ತು ಕಮ್ಮಾರರಿಗೆ ಪ್ರಮುಖ ಸ್ಥಾನವಿತ್ತು. ಸುಗ್ಗಿಯ ಕಣದಲ್ಲಿ ಆಯ ಪಡೆದು ವರ್ಷವಿಡೀ ರೈತನ ನೇಗಿಲು, ಕುಂಟೆ, ಕುಡುಗೋಲುಗಳನ್ನು ಸರಿಪಡಿಸಿಕೊಡುವುದು ಅವರ ಕರ್ತವ್ಯವಾಗಿತ್ತು. ಈ ವ್ಯವಸ್ಥೆ ಸಡಿಲಗೊಂಡು, ಟ್ರ್ಯಾಕ್ಟರ್ ಹಾಗೂ ವಿದ್ಯುತ್ ಯಂತ್ರಗಳು ಬಂದಂತೆ ಅವರ ಸಲಕರಣೆಗಳು ಅಟ್ಟ ಸೇರಿದವು. ಅಟ್ಟದಿಂದ ಗುಜರಿಗೆ ಇಳಿದವು. ಗುಜರಿಯಲ್ಲಿ ಅವುಗಳಿಗೆ ಹೆಸರಿಲ್ಲ, ತೂಕ ಮಾತ್ರ ಉಂಟು. ಅಲ್ಲಿಂದ ಮುಂದಿನ ದಾರಿ ಕರಗಿಸುವ ಕುಲುಮೆಗೆ. ಆದ್ದರಿಂದ ಭಾನುವಾರದ ಗುಜರಿ ಸಂತೆಗಳು ಜಾನಪದ ವಿದ್ವಾಂಸರಿಗೆ ಕ್ಷೇತ್ರಕಾರ್ಯದ ನೆಲೆಗಳೂ ಆಗಿವೆ.

ಸಲಕರಣೆಯನ್ನು ಗುರುತಿಸುವಾಗ ಮೊದಲು ಗಮನಿಸಬೇಕಾದದ್ದು ಬಾಯಿಯ ದಿಕ್ಕನ್ನು. ಕೊಡಲಿಯ ಬಾಯಿ ಕಾವಿನ ನೇರಕ್ಕೆ ಇರುತ್ತದೆ. ಬಾಚಿಯದು ಕಾವಿಗೆ ಅಡ್ಡಲಾಗಿರುತ್ತದೆ. ಕಾವು ಕಳೆದುಹೋದ ಬಾಚಿಯನ್ನು ಸಣ್ಣ ಗುದ್ದಲಿಯೆಂದು ಭಾವಿಸುವ ಸಾಧ್ಯತೆ ಹೆಚ್ಚು. ಗುದ್ದಲಿಯ ಬಾಯಿ ಮಣ್ಣಿನಿಂದ ಸವೆದು ಮೊಂಡಾಗಿರುತ್ತದೆ. ಬಾಚಿಯ ಬಾಯಲ್ಲಿ ಮಸೆದ ಇಳಿಜಾರು ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯದು ಲೋಹ. ಹಿಂದೆ ಉಕ್ಕು ದುಬಾರಿಯಾಗಿದ್ದುದರಿಂದ ಕಮ್ಮಾರನು ಮೆದು ಕಬ್ಬಿಣದ ಒಡಲಿಗೆ ಉಕ್ಕಿನ ತುಂಡನ್ನು ಕಾಯಿಸಿ ಬಡಿದು ಬೆಸೆದು ಬಾಯಿ ಮಾಡುತ್ತಿದ್ದನು. ತುಕ್ಕು ಒರೆಸಿ ಓರೆಯಾಗಿ ಬೆಳಕಿಗೆ ಹಿಡಿದರೆ ಆ ಬೆಸುಗೆಯ ಗೆರೆ ಗೋಚರಿಸುವುದುಂಟು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಮುಂದೆ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು, ಸವೆದ ಅರದಿಂದ ಉಳಿ ಮಾಡತೊಡಗಿದರು. ಉಳಿಯ ಮೈಮೇಲೆ ಅರದ ಹಲ್ಲುಗಳ ಮಾಸಿದ ಗುರುತು ಉಳಿದಿದ್ದರೆ ಅದರ ಪೂರ್ವಜನ್ಮ ತಿಳಿಯುತ್ತದೆ.

ಮೂರನೆಯದು ಮುದ್ರೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆಸರಿರುವ ಉಳಿ, ಗರಗಸಗಳು ಗುಜರಿಯಲ್ಲಿ ಅಪರೂಪವಲ್ಲ. ‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆ ಮೂಸೆಯಲ್ಲಿ ಕರಗಿಸಿದ ಉಕ್ಕನ್ನು ಸೂಚಿಸುತ್ತದೆ. 1887ರ ಬ್ರಿಟಿಷ್ ಹಾಗೂ 1889ರ ಭಾರತೀಯ ಸರಕುಮುದ್ರೆ ಕಾಯಿದೆಗಳ ತರುವಾಯ ದೇಶದ ಹೆಸರನ್ನು ಒತ್ತುವ ರೂಢಿ ಬಲಗೊಂಡಿತು. ಐ.ಎಸ್.ಐ. ಗುರುತಿದ್ದರೆ ವಸ್ತುವು ಸ್ವಾತಂತ್ರ್ಯೋತ್ತರ ಕಾಲದ್ದೆಂಬುದು ನಿಶ್ಚಿತ. ಆದರೆ ಮುದ್ರೆಯೊಂದನ್ನೇ ನಂಬಿ ತೀರ್ಮಾನಿಸುವುದು ಸಾಧುವಲ್ಲ. ಶೆಫೀಲ್ಡಿನ ಅಲಗು ಊರ ಬಡಗಿ ಕಡೆದ ಮರದ ಒಡಲಿನಲ್ಲಿ ಕುಳಿತಿರಬಹುದು. ಅಂಥ ಸಲಕರಣೆ ಪೂರ್ಣ ವಿದೇಶಿಯೂ ಅಲ್ಲ, ಪೂರ್ಣ ದೇಶಿಯೂ ಅಲ್ಲ. ಎರಡು ಕುಶಲ ಪರಂಪರೆಗಳು ಕೂಡಿದುದರ ಸಾಕ್ಷಿ.

ನಾಲ್ಕನೆಯದು ಸವೆತ. ಹಿಡಿಯಲ್ಲಿ ಹೆಬ್ಬೆರಳು ಒತ್ತಿದ ತಗ್ಗು, ಸುತ್ತಿಗೆಯ ಪೆಟ್ಟಿಗೆ ಅರಳಿದ ಉಳಿಯ ತಲೆ, ಮಸೆದು ಮಸೆದು ಗಿಡ್ಡವಾದ ಅಲಗು ಇವೆಲ್ಲ ದುಡಿಮೆಯ ದಾಖಲೆಗಳು. ಕೃತಕವಾಗಿ ಹಳತಾಗಿಸಿದ ವಸ್ತುವಿನಲ್ಲಿ ತುಕ್ಕು ಎಲ್ಲೆಡೆ ಸಮನಾಗಿರುತ್ತದೆ. ಕೈ ತಾಗುವ ಜಾಗ ಮಾತ್ರ ನಯಗೊಂಡಿರುವುದಿಲ್ಲ. ಈ ಕಾರಣದಿಂದಲೇ ಸಲಕರಣೆಯನ್ನು ಸಾಣೆಗೆ ಹಿಡಿದು ಹೊಳಪಿಸುವುದು ಸಲ್ಲದು. ಒಣ ಬಟ್ಟೆ, ತುಸು ಎಣ್ಣೆ ಸಾಕು. ಹೊಳಪಿನೊಂದಿಗೆ ಮುದ್ರೆ, ಬೆಸುಗೆ, ಸವೆತ ಮೂರೂ ಅಳಿದುಹೋಗುತ್ತವೆ.

ಕೊನೆಯದಾಗಿ ಹೆಸರು. ಮರವನ್ನು ನಯಗೊಳಿಸುವ ಒಂದೇ ಸಲಕರಣೆಗೆ ಹತ್ತರಿ, ಕೀಸುಳಿ ಎಂಬ ಕನ್ನಡದ ಹೆಸರುಗಳಿವೆ. ಪೇಟೆಯಲ್ಲಿ ಅದು ರಂದಾ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕದಂತಹ ಸಂಗ್ರಹಗಳು ವಸ್ತುಗಳನ್ನು ಉಳಿಸಬಲ್ಲವು. ಆದರೆ ಅದನ್ನು ಹಿಡಿದ ಕೈ ಬಳಸಿದ ಪದವನ್ನು ಕೇಳಿ ಬರೆದುಕೊಳ್ಳದಿದ್ದರೆ ಉಳಿಯುವುದು ಕಬ್ಬಿಣ ಮಾತ್ರ. ಕೊಂಡ ಸ್ಥಳ, ಮಾರಿದವರು ಹೇಳಿದ ಮೂಲ, ವೃದ್ಧ ಕಸುಬುದಾರರು ಗುರುತಿಸಿದ ಹೆಸರು ಮತ್ತು ಬಳಕೆ ಇಷ್ಟನ್ನಾದರೂ ಅದೇ ದಿನ ದಾಖಲಿಸುವುದು ಸಂಗ್ರಾಹಕನ ಮೊದಲ ಹೊಣೆ.