ಎಲೆಯಿಲ್ಲದ ಪುಟ

ಪುತ್ತಿಗೆಗೆ ನಾನು ಹೋದದ್ದು ಮೇಲಾರ ಎಂಬ ಮೇಲೋಗರದ ವಿಚಾರ ಕೇಳಲಿಕ್ಕೆ. ಭೂಕಂಪದ ಯೋಚನೆ ತಲೆಯಲ್ಲಿ ಇರಲೇ ಇಲ್ಲ.

ಪುತ್ತಿಗೆ ಎಂದ ಕೂಡಲೇ ಕೆಲವರಿಗೆ ಉಡುಪಿಯ ಮಠ ನೆನಪಾಗುತ್ತದೆ, ಇನ್ನು ಕೆಲವರಿಗೆ ಮೂಡುಬಿದಿರೆ ಪಕ್ಕದ ಊರು. ಇದು ಕಾಸರಗೋಡಿನದು. ಸೀತಾಂಗೋಳಿ, ಕಟ್ಟತ್ತಡ್ಕ, ಅಂಗಡಿಮೊಗರು ಎಂದರೆ ನಮ್ಮವರಿಗೆ ದಾರಿ ಸಿಗುತ್ತದೆ. ಕುಂಬಳೆ ಸೀಮೆಯ ಜಂಬ್ರದ ಅಡಿಗೆಯ ಬಗ್ಗೆ ಬರೆಯುವ ಆಸೆಯಿಂದ ಸೀತಾಂಗೋಳಿಯಲ್ಲಿ ಬಸ್ಸಿಳಿದು, ಮುರಕಲ್ಲಿನ ಕಟ್ಟೆಗಳ ನಡುವಿನ ದಾರಿಯಲ್ಲಿ ನಡೆದು, ಒಬ್ಬ ಹಿರಿಯ ಅಡಿಗೆಯವರ ಮನೆ ಮುಟ್ಟಿದೆ. ವಯಸ್ಸು ಎಂಬತ್ತರ ಹತ್ತಿರ. ‘ಹೆಸರು ಹಾಕುದು ಬೇಡ, ಮೇಲಾರ ನನ್ನದಲ್ಲ, ಊರಿನದ್ದು’ ಎಂದರು. ಹಾಗಾಗಿ ಇಲ್ಲಿ ಅವರು ‘ಮಾವ’. ನಾನು ಕರೆದದ್ದೂ ಹಾಗೆಯೇ.

ಮಾತಿನ ನಡುವೆ ಒಳಗೆ ಹೋಗಿ ಒಂದು ದಪ್ಪ ರಟ್ಟಿನ ಪುಸ್ತಕ ತಂದರು. ಒಂದೊಂದು ಜಂಬ್ರಕ್ಕೆ ಒಂದೊಂದು ಪುಟ. ತಾರೀಕು, ಮನೆ, ಕಾರ್ಯ, ಎಲೆ ಎಷ್ಟು, ಸಾಮಾನು ಎಷ್ಟು, ಎಷ್ಟು ಉಳಿಯಿತು. ಉಪನಯನ, ಎಲೆ 420. ಗೃಹಪ್ರವೇಶ, ಎಲೆ 180. ನಮ್ಮಲ್ಲಿ ಜನರನ್ನು ತಲೆಯಿಂದ ಎಣಿಸುವುದಿಲ್ಲವಲ್ಲ, ಎಲೆಯಿಂದ ಎಣಿಸುತ್ತೇವೆ. ಪುಟ ಮಗುಚುತ್ತಾ ಹೋದಾಗ ಅದು ಸಿಕ್ಕಿತು:

‘25-4-2015. ಕಾಠ್ಮಂಡು. ಎಲೆ ಇಲ್ಲ.’

ಮೇಲಾರ ಅಲ್ಲಿಗೆ ಮುಗಿಯಿತು.

ಆ ವರ್ಷ ಮಾವ ಒಂದು ಯಾತ್ರೆಯ ಗುಂಪಿಗೆ ಅಡಿಗೆಯವರಾಗಿ ಹೋಗಿದ್ದರು. ಮೂವತ್ತನಾಲ್ಕು ಜನ. ಗೋರಖಪುರದ ವರೆಗೆ ರೈಲು, ಮತ್ತೆ ಬಸ್ಸು. ಜೊತೆಗೆ ಗ್ಯಾಸ್ ಒಲೆ, ಕುಚ್ಚಲಕ್ಕಿ, ಹಪ್ಪಳ, ಎರಡು ಭರಣಿ ಮಿಡಿ ಉಪ್ಪಿನಕಾಯಿ. ಉಳಿದುಕೊಂಡದ್ದು ಪಶುಪತಿನಾಥನ ಹತ್ತಿರ, ಗೌಶಾಲಾ ಎಂಬಲ್ಲಿ. ಶನಿವಾರ ಅರ್ಧದಷ್ಟು ಜನ ದೇವಸ್ಥಾನಕ್ಕೆ ಹೋಗಿದ್ದರು. ಮಾವ ವಸತಿಗೃಹದ ಹಿಂದಿನ ಬಯಲಿನಲ್ಲಿ ಸಾರಿಗೆ ಒಗ್ಗರಣೆ ಹಾಕುವ ತಯಾರಿಯಲ್ಲಿದ್ದರು. ಅಲ್ಲಿಯ ಗಡಿಯಾರದಲ್ಲಿ 11 ಗಂಟೆ 56 ನಿಮಿಷ.

‘ಹಂಡೆಯ ನೀರು ತಾನಾಗಿ ತುಳುಕಿತು. ಯಾರೋ ಕಾಲು ತಾಗಿಸಿದ್ರು ಅಂತ ಬೈಲಿಕ್ಕೆ ತಿರುಗಿದೆ. ಹಿಂದೆ ಯಾರೂ ಇಲ್ಲ. ಎದುರಿನ ಗೋಡೆ ಬಟ್ಟೆ ಒಣಗ್ಲಿಕ್ಕೆ ಹಾಕಿದ ಹಾಗೆ ಆಡ್ತಾ ಉಂಟು.’

‘ಆಗ ಎಂತ ಮಾಡಿದ್ರಿ ಮಾವ?’

‘ಮೊದಲು ಗ್ಯಾಸ್ ಬಂದ್ ಮಾಡಿದೆ. ಮತ್ತೆ ದೇವರ ನೆನಪಾಯ್ತು.’

ದೇವಸ್ಥಾನಕ್ಕೆ ಹೋದವರು ಚಪ್ಪಲಿಯನ್ನು ಬಿಟ್ಟಲ್ಲೇ ಬಿಟ್ಟು, ಬರಿಗಾಲಲ್ಲಿ, ಇಟ್ಟಿಗೆಯ ಧೂಳು ಮೆತ್ತಿಕೊಂಡು ಒಬ್ಬೊಬ್ಬರಾಗಿ ಬಂದರು. ಎಣಿಸಿದರೆ ಮೂವತ್ತನಾಲ್ಕೂ ಸರಿ. ಬಂದವರದ್ದೆಲ್ಲ ಒಂದೇ ಮಾತು: ‘ಪಶುಪತಿ ನಿಂತಿದ್ದಾನೆ.’

ನಿಂತದ್ದು ನಿಜ. 7.8 ತೀವ್ರತೆಯ ಆ ಕಂಪನದಲ್ಲಿ ಸುಮಾರು 9,000 ಜನ ಸತ್ತರು, ಸುಮಾರು 5 ಲಕ್ಷ ಮನೆಗಳು ನೆಲಸಮವಾದವು. ಪಶುಪತಿನಾಥನ ಮುಖ್ಯ ಗುಡಿಗೆ ಹೇಳುವಂಥ ಪೆಟ್ಟಾಗಲಿಲ್ಲ, ಆವರಣದ ಬೇರೆ ಕಟ್ಟಡಗಳಿಗೆ ಆಯಿತು. ಮಹಿಮೆ ಎನ್ನುವವರು ಎನ್ನಲಿ. ನನಗೆ ಮಾತ್ರ ಕಾಷ್ಠಮಂಡಪ ಅಡ್ಡ ಬರುತ್ತದೆ. ಕಾಠ್ಮಂಡುವಿಗೆ ಹೆಸರು ಕೊಟ್ಟ ಮರದ ಮಂಟಪ ಅದು, ಒಳಗೆ ಗೋರಖನಾಥನ ವಿಗ್ರಹ. ಅಂದು ಅಲ್ಲಿ ರಕ್ತದಾನ ಶಿಬಿರ ನಡೆಯುತ್ತಿತ್ತು. ಪುಣ್ಯದ ಕೆಲಸಕ್ಕೆ ಬಂದವರ ಮೇಲೆಯೇ ಮಂಟಪ ಕುಸಿಯಿತು. ಬಳಿಕ ನೇಪಾಳದ ಪುರಾತತ್ತ್ವ ಇಲಾಖೆಯವರೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಅಗೆದು ನೋಡಿದರೆ ಪಾಯ ಗಟ್ಟಿಮುಟ್ಟಾಗಿತ್ತು, ಎಣಿಸಿದ್ದಕ್ಕಿಂತ ಹಳೆಯದು ಬೇರೆ, ಏಳನೇ ಶತಮಾನದ ಸುಮಾರಿನದು. ತಪ್ಪು ಮೇಲಿತ್ತು. ನಡುವಿನ ನಾಲ್ಕು ದೊಡ್ಡ ಕಂಬಗಳಲ್ಲಿ ಒಂದು ತನ್ನ ಕಲ್ಲಿನ ಕುಳಿಯಲ್ಲಿ ಕೂತೇ ಇರಲಿಲ್ಲ. ಹಿಂದಿನ ಒಂದು ದುರಸ್ತಿಯಲ್ಲಿ ಕೈತಪ್ಪಿದ್ದು. ದೇವರಿಗಿಂತ ಮೊದಲು ಬಡಗಿಯನ್ನು ಕೇಳಬೇಕಾದ ಸಂಗತಿ.

ಶನಿವಾರದ ವಿಷಯವೂ ಹಾಗೆಯೇ. ನೇಪಾಳದಲ್ಲಿ ವಾರದ ರಜೆ ಶನಿವಾರ. ಸಾವಿರಾರು ತರಗತಿ ಕೋಣೆಗಳು ಬಿದ್ದಾಗ ಒಳಗೆ ಮಕ್ಕಳಿರಲಿಲ್ಲ. ಆದರೆ ಅದೇ ರಜೆಯ ದೆಸೆಯಿಂದ ಅಲ್ಲಿನ ಕ್ರೈಸ್ತರು ಇಗರ್ಜಿಗೆ ಹೋಗುವುದೂ ಶನಿವಾರವೇ. ಪ್ರಾರ್ಥನೆಗೆ ಸೇರಿದ್ದವರು ಅಲ್ಲೇ ಸಿಕ್ಕಿಹಾಕಿಕೊಂಡರು.

ಇಷ್ಟು ಹೇಳಿದಾಗ ಮಾವ ನಕ್ಕರು. ‘ಗುಡಿ ನಿಂತದ್ದು ಬಿಡು. ಮರುದಿನ ಪೂಜೆ ನಿಲ್ಲಲಿಲ್ಲ, ಅದಕ್ಕೆ ಎಂತ ಹೇಳ್ತಿ? ಪೂಜೆ ಮಾಡುವವರು ನಮ್ಮವರೇ ಅಲ್ವಾ?’

ಇಲ್ಲಿಂದ ಮುಂದೆ ನಾನು ದಾರಿ ತಪ್ಪಿದರೆ ಓದುಗರು ಕ್ಷಮಿಸಬೇಕು. ಪಶುಪತಿನಾಥನ ಭಟ್ಟರು ನನ್ನ ಹಳೆಯ ಹುಚ್ಚು. ಆ ಲಿಂಗವನ್ನು ಮುಟ್ಟಿ ಪೂಜಿಸುವ ಹಕ್ಕು ದಕ್ಷಿಣದಿಂದ ಹೋದ ಭಟ್ಟರಿಗೆ ಮಾತ್ರ. ಮೂಲಭಟ್ಟರೊಬ್ಬರು, ಅವರ ಕೈಕೆಳಗೆ ಇನ್ನು ನಾಲ್ವರು. ಇತ್ತೀಚಿನ ಕಾಲದಲ್ಲಿ ಇವರು ಹೆಚ್ಚಾಗಿ ಕರ್ನಾಟಕದ ಕರಾವಳಿಯ ಕಡೆಯವರು. ಸ್ಥಳೀಯ ನೇವಾರ ಮನೆತನಗಳ ಭಂಡಾರಿಗಳು ಉಗ್ರಾಣ ನೋಡುತ್ತಾರೆ, ಪೂಜೆಗೆ ಅಣಿಮಾಡುತ್ತಾರೆ, ಲಿಂಗ ಮುಟ್ಟುವಂತಿಲ್ಲ. ಶಂಕರಾಚಾರ್ಯರೇ ಹಾಕಿಕೊಟ್ಟ ಪದ್ಧತಿ ಎನ್ನುತ್ತದೆ ಐತಿಹ್ಯ. ಮಲ್ಲ ಅರಸರ ಕಾಲದ್ದು ಎಂಬುದು ನನಗೆ ಹೆಚ್ಚು ಒಪ್ಪುವ ಮಾತು. 2008ರ ಕೊನೆಯಲ್ಲಿ ಮೂಲಭಟ್ಟ ಮಹಾಬಲೇಶ್ವರ ಭಟ್ಟರು ರಾಜೀನಾಮೆ ಕೊಟ್ಟಾಗ ಆಗಿನ ಪ್ರಧಾನಿ ಪ್ರಚಂಡರ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿತು. ಭಂಡಾರಿಗಳು ತಿರುಗಿಬಿದ್ದರು, ಸುಪ್ರೀಂ ಕೋರ್ಟ್ ತಡೆ ಹಾಕಿತು, ಸರ್ಕಾರ ಹಿಂದೆ ಸರಿಯಿತು. ಮರುವರ್ಷ ಕರ್ನಾಟಕದಿಂದ ಹೊಸದಾಗಿ ಹೋದ ಇಬ್ಬರ ಮೇಲೆ ಹಲ್ಲೆಯೂ ಆಯಿತು. ಇದನ್ನೆಲ್ಲ ಆಗ ಪತ್ರಿಕೆಗಳಿಂದ ಕತ್ತರಿಸಿ ಇಟ್ಟುಕೊಂಡವನು ನಾನು.

ಹೊರಗಿನವರೇ ಏಕೆ? ಹೆಚ್ಚಾಗಿ ಕೊಡುವ ಕಾರಣ ಸೂತಕ. ನೇಪಾಳದಲ್ಲಿ ಅರಸರಿದ್ದ ಕಾಲದಲ್ಲಿ ಅರಸು ತೀರಿಕೊಂಡರೆ ಇಡೀ ರಾಜ್ಯಕ್ಕೆ ಸೂತಕವಿತ್ತು, ಅರ್ಚಕನಿಗೂ. ಪೂಜೆ ನಿಲ್ಲಬಾರದು ಎಂದಿದ್ದರೆ ಆ ಅರಸನ ಪ್ರಜೆಯಲ್ಲದವನು ಬೇಕು. ಇದು ನಿಜವಾದ ಕಾರಣವೋ ಆಮೇಲೆ ಕಟ್ಟಿದ್ದೋ, ಕಟ್ಟಿದ್ದಾದರೂ ಬುದ್ಧಿವಂತರೇ ಕಟ್ಟಿದ್ದಾರೆ. ಅಳುವ ಮನೆಯಲ್ಲಿ ಅಳದೆ ಕೆಲಸ ಮಾಡುವವನೊಬ್ಬ ಬೇಕು ಎಂದು ಮೊದಲೇ ಎಣಿಸಿ ಸಾವಿರಾರು ಕಿಲೋಮೀಟರ್ ದೂರದಿಂದ ಆಳು ತರಿಸಿಟ್ಟುಕೊಂಡ ಹಾಗಾಯಿತು.

ಮಾವನ ಕಥೆ ಸರಿಯಾಗಿ ಇಲ್ಲೇ ತಿರುಗುತ್ತದೆ.

ಆ ರಾತ್ರಿ ಎಲ್ಲರೂ ಬಯಲಲ್ಲಿ. ಸುತ್ತಲಿನ ಮನೆಗಳವರೂ ಅಲ್ಲೇ, ಚಾಪೆ, ಕಂಬಳಿ, ಟಾರ್ಪಾಲು. ನೆಲ ಆಗಾಗ ನಡುಗುತ್ತಿತ್ತು. ಮರುದಿನ ಮಧ್ಯಾಹ್ನ 6.7ರ ಇನ್ನೊಂದು. ಕೆಳಗೆ ಬಾಗ್ಮತಿಯ ದಂಡೆಯ ಆರ್ಯಘಾಟಿನಲ್ಲಿ ಚಿತೆಗಳು ಹಗಲೂ ರಾತ್ರಿಯೂ ಉರಿಯುತ್ತಿದ್ದವು. ಗುಂಪಿನ ಕೆಲವರು ಊಟವೇ ಬೇಡ ಎಂದರು. ಸ್ನಾನವಿಲ್ಲ, ಸುತ್ತ ಹೆಣ, ಇಂಥಲ್ಲಿ ಅನ್ನ ಹೇಗೆ ಬೇಯಿಸುವುದು? ಮಾವನಿಗೂ ಅದೇ ಅಳುಕು. ಆಗ ಪಕ್ಕದ ಟಾರ್ಪಾಲಿನ ಹಿರಿಯನೊಬ್ಬ ಬಂದು ಹಿಂದಿಯಲ್ಲಿ ಹೇಳಿದನಂತೆ: ನಮ್ಮ ಮನೆಯಲ್ಲಿ ಸಾವಾಗಿದೆ, ನಾವು ಒಲೆ ಹಚ್ಚುವ ಹಾಗಿಲ್ಲ. ಅಕ್ಕಿ ಉಂಟು, ತೆಗೆದುಕೊಡುತ್ತೇನೆ. ನೀವು ಹೊರಗಿನವರು, ನೀವು ಹಚ್ಚಿ.

‘ನಮ್ಮಲ್ಲಿಯೂ ಹಾಗೇ ಅಲ್ವಾ?’ ಎಂದರು ಮಾವ. ‘ಸಾವಿನ ಮನೆಯಲ್ಲಿ ಒಲೆ ಉರಿಸ್ಲಿಕ್ಕಿಲ್ಲ. ಆಚೆ ಮನೆಯಿಂದ ಗಂಜಿ ಬರ್ತದೆ. ಅಲ್ಲಿ ಊರಿಗೆ ಊರೇ ಸಾವಿನ ಮನೆ. ಆಚೆ ಮನೆ ಅಂತ ಇದ್ದದ್ದು ನಾವು ಮಾತ್ರ.’

ಮೂವತ್ತನಾಲ್ಕು ಜನರಿಗೆ ಇಟ್ಟ ಅನ್ನ ರಾತ್ರಿಗೆ ಇನ್ನೂರಕ್ಕಾಯಿತು. ಕುಚ್ಚಲಕ್ಕಿ ಮುಗಿದು ಅವರ ಬೆಳ್ತಿಗೆ ಬಂತು. ಬಾಳೆ ಎಲೆ ಇಲ್ಲ, ತಟ್ಟೆಗಳು ಕುಸಿದ ಮನೆಗಳೊಳಗೆ. ಪೇಪರು, ಪ್ಲಾಸ್ಟಿಕ್ ಚೀಲ, ಕೆಲವರು ಬರೀ ಅಂಗೈ. ಗಂಜಿ ಮಾಡಿದರೆ ಕೈಯಲ್ಲಿ ನಿಲ್ಲುವುದಿಲ್ಲವೆಂದು ಅನ್ನವನ್ನು ಸ್ವಲ್ಪ ಗಟ್ಟಿ ಇಟ್ಟು, ಬೇಳೆ ಬೆರೆಸಿ ಉಂಡೆ ಕಟ್ಟಿದರಂತೆ. ‘ಬದುಕಿನಲ್ಲಿ ಎಲೆ ಎಣಿಸದೆ ಬಡಿಸಿದ್ದು ಅದೊಂದೇ.’ ಊಟ ಬೇಡ ಎಂದಿದ್ದವರೇ ಬಡಿಸಲಿಕ್ಕೆ ಎದ್ದರು. ಅವರು ಉಂಡದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ.

ಹೊರಗಿನವರು ಒಲೆ ಹಚ್ಚಿದರೆ, ಒಳಗಿನವರು ಹೆಣ ಹೊತ್ತರು. ಅದಕ್ಕೂ ಅಲ್ಲಿ ಏರ್ಪಾಡು ಮೊದಲೇ ಇತ್ತು. ನೇವಾರರ ಗುಠಿ ಎಂದರೆ ದೇವಸ್ಥಾನ, ಜಾತ್ರೆ, ಛತ್ರ, ನೀರಿನ ಕಟ್ಟೆ ನೋಡಿಕೊಳ್ಳುವ ಕೂಟ. ಹಿಂದಿನವರು ಬಿಟ್ಟ ಜಮೀನಿನ ಆದಾಯದಲ್ಲಿ ನಡೆಯುವಂಥದ್ದು. ಅದರಲ್ಲಿ ಸಿ ಗುಠಿ ಎಂಬುದು ಸಾವಿಗೆಂದೇ ಇರುವುದು. ಸದಸ್ಯರ ಮನೆಯಲ್ಲಿ ಸಾವಾದರೆ ಉಳಿದವರು ಬರಲೇಬೇಕು, ಹೊರಲೇಬೇಕು, ಬಾರದಿದ್ದರೆ ದಂಡ. ಭಕ್ತಿ ಇದೆಯೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಈ ದಂಡದ ವಿಷಯ ನನಗೆ ಬಹಳ ಇಷ್ಟ. ಕರುಣೆಯನ್ನು ನಂಬಿ ಕೂತವರಲ್ಲ ಅವರು. ನೇಪಾಳ ಸರ್ಕಾರ 1964ರಲ್ಲಿ ಕಾನೂನು ಮಾಡಿ ಅನೇಕ ಗುಠಿಗಳ ಜಮೀನನ್ನು ಒಂದು ಸಂಸ್ಥಾನದ ಕೈಗೆ ಕೊಟ್ಟಿತು. ಉಳಿದುದಕ್ಕೂ 2019ರಲ್ಲಿ ಮಸೂದೆ ತಂದಾಗ ಜೂನ್ 19ರಂದು ಕಾಠ್ಮಂಡುವಿನ ಮೈತಿಘರ್‌ನಲ್ಲಿ ಹತ್ತಾರು ಸಾವಿರ ಜನ ಸೇರಿದರು. ಮಸೂದೆ ವಾಪಸಾಯಿತು. ಭೂಕಂಪದಲ್ಲಿ ಗುಠಿಯ ಕೆಲಸ ಕಂಡು ಬರೀ ನಾಲ್ಕು ವರ್ಷ ಆಗಿತ್ತು, ಮರೆಯುವಷ್ಟು ಕಾಲ ಅಲ್ಲ.

ನಮ್ಮ ಕಡೆ ಗುಠಿ ಎಂಬ ಹೆಸರಿಲ್ಲ, ದಂಡವೂ ಇಲ್ಲ. ಆದರೆ ಸಾವಿನ ಮನೆಯಿಂದ ಕರೆಯೋಲೆ ಹೋಗುವುದಿಲ್ಲ. ಚಿತೆಗೆ ಮಾವಿನ ಮರ ಕಡಿಯಲಿಕ್ಕೆ ಕೊಡಲಿ ಹಿಡಿದವನು ಹೇಳದೆ ಬರುತ್ತಾನೆ. ಮಸೀದಿಯ ಜಮಾಅತಿನಲ್ಲಿ ಕಬರ್ ತೋಡುವವರೂ ಹಾಗೇ. ತುಳು, ಕನ್ನಡ, ಮಲೆಯಾಳ, ಬ್ಯಾರಿ, ಮರಾಠಿ ಒಂದೇ ಬಸ್‌ಸ್ಟಾಂಡಿನಲ್ಲಿ ಕೇಳುವ ಈ ಊರಿನಲ್ಲಿ ಕರೆಯದೆ ಹೋಗುವ ಕ್ರಮ ಎಲ್ಲರಿಗೂ ಒಂದೇ.

ನೇಪಾಳ ದೂರವಾಯಿತು ಎನ್ನುವವರಿಗೆ ಕಲಬುರಗಿ ಗಡಿಯಾಚೆಯ ಕಿಲ್ಲಾರಿ ಉಂಟು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ತಡವಾಗಿ ಮಲಗಿದವರ ಮೇಲೆ ಕಲ್ಲುಮಣ್ಣಿನ ಗೋಡೆ, ಜಂತಿ, ಮಣ್ಣಿನ ಮಾಳಿಗೆ ಒಟ್ಟಿಗೆ ಬಿತ್ತು. ಹತ್ತಿರ ಹತ್ತಿರ 10,000 ಸಾವು. ಆ ಪ್ರದೇಶ ಆಗ ಭೂಕಂಪದ ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಮತ್ತೆ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಬಾಣೇಗಾಂವ್ ಎಂಬ ಒಂದು ಹಳ್ಳಿಯನ್ನು ಕಟ್ಟಿಕೊಟ್ಟದ್ದು ಕೇರಳದ ಮಲಯಾಳ ಮನೋರಮಾ ಪತ್ರಿಕೆ. ಆಚೆ ಮನೆಯ ಗಂಜಿ ಎಷ್ಟು ದೂರದಿಂದಲೂ ಬಂದೀತು.

ಭೂಕಂಪವನ್ನು ಪಾಪದ ಫಲವೆನ್ನುವ ಭಕ್ತಿಯ ಬಗ್ಗೆ ಮಾತ್ರ ನನಗೆ ಸಹನೆ ಕಡಿಮೆ, ಹೇಳಿದವರು ಗಾಂಧೀಜಿಯೇ ಆದರೂ. 1934ರ ಜನವರಿ 15ರಂದು ಬಿಹಾರ–ನೇಪಾಳ ನಡುಗಿದಾಗ ಅದು ಅಸ್ಪೃಶ್ಯತೆಗೆ ದೇವರು ಕೊಟ್ಟ ಶಿಕ್ಷೆ ಎಂದರು ಅವರು. ಟಾಗೋರರು ಅದನ್ನು ಖಾರವಾಗಿಯೇ ವಿರೋಧಿಸಿದರು. ಅದೇ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮಂಗಳೂರು, ಉಡುಪಿಗೂ ಬಂದಿದ್ದರು. ಮಾವನ ತಂದೆ ನೋಡಲು ಹೋಗಿದ್ದರಂತೆ, ಆದರೆ ನೆನಪಿನಲ್ಲಿ ಉಳಿದದ್ದು ಜನಜಂಗುಳಿ ಮಾತ್ರ.

ನಮ್ಮ ನೆಲವೂ ಪೂರ್ತಿ ಸುಮ್ಮನಿಲ್ಲ. 2022ರ ಜೂನ್ 28ರ ಬೆಳಿಗ್ಗೆ ಸಂಪಾಜೆ–ಚೆಂಬು ಕಡೆಯ 3.0ರ ಕಂಪನ ಪಾಣತ್ತೂರಿನ ಕಲ್ಲಪಳ್ಳಿಯ ತನಕ ಗೊತ್ತಾಗಿತ್ತು. ಪಾತ್ರೆ ಅಲುಗಿದ್ದು ಬಿಟ್ಟರೆ ದೊಡ್ಡದೇನಲ್ಲ. ಪುತ್ತಿಗೆಯಲ್ಲಿ ಮಾವನಿಗೆ ಅದು ತಿಳಿದದ್ದು ಟಿವಿಯಲ್ಲಿ. ಆದರೂ ಅಂದಿನಿಂದ ರಾತ್ರಿ ಮಲಗುವ ಮೊದಲು ಗ್ಯಾಸ್ ಬಂದ್ ಮಾಡಿದ್ದೇನೋ ಎಂದು ಎರಡು ಸಲ ನೋಡುತ್ತಾರೆ ಎಂದು ಒಳಗಿನಿಂದ ಅತ್ತೆ ಹೇಳಿದರು.

ಹೊರಡುವ ಮುಂಚೆ ಆ ಪುಟವನ್ನು ಇನ್ನೊಮ್ಮೆ ಕೇಳಿ ತೆಗೆಸಿಕೊಂಡೆ. ಎಡಗಡೆ ಸಾಮಾನಿನ ಪಟ್ಟಿ. ಅಕ್ಕಿ, ಬೇಳೆ, ಎಣ್ಣೆ, ಎಲ್ಲದರ ಎದುರೂ ‘ಮುಗಿಯಿತು’. ಮಿಡಿ ಉಪ್ಪಿನಕಾಯಿಯ ಎದುರು ‘ಮೊದಲ ದಿನವೇ’. ಮೂರನೆಯ ದಿನ ಬಸ್ಸು ಸಿಕ್ಕಿ ರಕ್ಸೌಲ್ ದಾರಿಯಾಗಿ ಹೊರಟದ್ದಕ್ಕೆ ಒಂದೇ ಗೆರೆ. ಅದರ ಕೆಳಗೆ, ಪೆನ್ನು ಬದಲಾಗಿದೆ:

‘ಉಪ್ಪು 1 ಕಿಲೋ. ಟಾರ್ಪಾಲಿನ ಹೆಂಗಸು. ಕೊಡಲಿಕ್ಕೆ ಉಂಟು.’

‘ಹೆಸರು?’ ಎಂದೆ.

‘ಕೇಳ್ಲಿಲ್ಲ ಮಾರಾಯ. ಉಪ್ಪು ಕೇಳುವಾಗ ಹೆಸರು ಯಾರು ಕೇಳ್ತಾರೆ?’ ಎಂದವರು ಪುಟ ಮಗುಚಿದರು. ಮುಂದಿನದು ಮೇ ತಿಂಗಳ ಒಂದು ಮದುವೆ. ಎಲೆ 650. ಮೇಲಾರ ಕುಂಬಳಕಾಯಿಯದ್ದು.