ಗಾಳಿಗೆ ಅಂಗಿ ಹೊಲಿಯುವವರು

ಬೀದರಿಗೂ ಸಮುದ್ರಕ್ಕೂ ಏನು ಸಂಬಂಧ? ಠಾಣಾ ಕುಶನೂರಿನ ಶಾಲೆಯ ಮಕ್ಕಳನ್ನು ಹೀಗೆ ಕೇಳಿದರೆ ನಕ್ಕುಬಿಟ್ಟಾರು. ಅವರಿಗೆ ಗೊತ್ತಿರುವ ದೊಡ್ಡ ನೀರೆಂದರೆ ಮಾಂಜ್ರಾ ನದಿ, ಕಾರಂಜಾ ಜಲಾಶಯ, ಬಹಳವೆಂದರೆ ಹೈದರಾಬಾದಿನ ಹುಸೇನ್ ಸಾಗರ. ಆದರೆ ಐದೂವರೆ ಶತಮಾನದ ಹಿಂದೆ, ಬೀದರ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ, ಇಲ್ಲಿನ ಲಾಯಗಳಲ್ಲಿ ಕೆನೆಯುತ್ತಿದ್ದ ಅರಬ್ಬಿ ಕುದುರೆಗಳು ಬರುತ್ತಿದ್ದದ್ದು ಹಾಯಿಹಡಗುಗಳಲ್ಲಿ. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ಬೀದರಿನ ದಾರಿ ಹಿಡಿದವನೇ. ಅದಾದ ಹದಿನೈದಿಪ್ಪತ್ತು ವರ್ಷಕ್ಕೆ ರಷ್ಯದ ವ್ಯಾಪಾರಿ ಅಫನಾಸಿ ನಿಕಿಟಿನ್, ಹೊರ್ಮುಜ್‌ನಲ್ಲಿ ಕುದುರೆಯೊಂದನ್ನು ಹಡಗಿಗೇರಿಸಿಕೊಂಡು, ಮಸ್ಕತ್ ಮತ್ತು ಗುಜರಾತಿನ ತೀರ ದಾಟಿ ಚೌಲ್ ಬಂದರಿಗೆ ಬಂದ. ಅಲ್ಲಿಂದ ಜುನ್ನರ್ ಮಾರ್ಗವಾಗಿ ಬೀದರ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತವೆಂದು ಆತ ಬರೆದಿಟ್ಟಿದ್ದಾನೆ. ಆ ಲೆಕ್ಕದಲ್ಲಿ ವ್ಯಾಪಾರಿಯ ಬಡಾಯಿಯೂ ಸ್ವಲ್ಪ ಸೇರಿದ್ದೀತು.

ಆ ಕುದುರೆಗಳನ್ನೂ ಮನುಷ್ಯರನ್ನೂ ದಡ ಮುಟ್ಟಿಸಿದ್ದು ಒಂದಿಷ್ಟು ಬಟ್ಟೆ. ಹಾಯಿಯೆಂದರೆ ಗಾಳಿಯನ್ನು ತುಂಬಿಕೊಳ್ಳುವ ಚೀಲ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಗಾಳಿ ಹಿಂದಿನಿಂದ ಬೀಸುವಾಗ ಅದು ನಿಜವೇ. ಆದರೆ ಹೋಗಬೇಕಾದ ಊರು ಗಾಳಿ ಬರುವ ದಿಕ್ಕಿನಲ್ಲೇ ಇದ್ದರೆ?

ಇಲ್ಲಿಂದ ಹಾಯಿ ಚೀಲವಲ್ಲ, ಹಕ್ಕಿಯ ರೆಕ್ಕೆ. ಬದಿಯಿಂದ ಬರುವ ಗಾಳಿಯನ್ನು ಬಾಗಿದ ಬಟ್ಟೆ ಹಿಂದಕ್ಕೆ ತಿರುಗಿಸುತ್ತದೆ. ಗಾಳಿಯನ್ನು ಒಂದು ಕಡೆಗೆ ತಳ್ಳಿದರೆ ಅದು ದೋಣಿಯನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಓದಿದ ಹೈಸ್ಕೂಲು ಹುಡುಗನಿಗೆ ಇದು ಹೊಸದಲ್ಲ. ಉಬ್ಬಿದ ಹೊರಮೈಯಲ್ಲಿ ಒತ್ತಡ ಕಡಿಮೆ, ಒಳಮೈಯಲ್ಲಿ ಹೆಚ್ಚು. ದೋಣಿ ಅಡ್ಡಕ್ಕೆ ಜಾರದಂತೆ ತಳದಲ್ಲಿ ನೀರಿಗಿಳಿದ ಹಲಗೆಯೊಂದು ತಡೆಯುತ್ತದೆ. ಉಳಿದ ಬಲವೆಲ್ಲ ದೋಣಿಯನ್ನು ಮುಂದಕ್ಕೆ ಎಳೆಯುತ್ತದೆ. ಹೀಗೆ ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನಂತೆ ಹೊರಳುತ್ತ ದೋಣಿ ಗಾಳಿಯ ಎದುರಿಗೇ ಊರು ಸೇರುತ್ತದೆ.

ಇದಕ್ಕೆ ಹಾಯಿಯ ಉಬ್ಬು ಸರಿಯಾಗಿರಬೇಕು. ಎದುರು ಗಾಳಿಗೆ ಹೋಗುವ ಹಾಯಿಯ ಉಬ್ಬು ಅದರ ಅಗಲದ ಶೇಕಡಾ 10ರಿಂದ 15ರಷ್ಟು. ಹಾಯಿ 3 ಮೀಟರ್ ಅಗಲವಿದ್ದಲ್ಲಿ ಉಬ್ಬು 30ರಿಂದ 45 ಸೆಂಟಿಮೀಟರ್. ಅತಿ ಹೆಚ್ಚು ಉಬ್ಬಿದ ಜಾಗ ಮುಂದಿನ ಅಂಚಿನಿಂದ ಮೂರನೇ ಒಂದರಿಂದ ಅರ್ಧದ ನಡುವೆ ಇರಬೇಕು. ತೀರಾ ಹಿಂದೆ ಸರಿದರೆ ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ವಾಲುತ್ತದೆ. ನೀರಿನ ಹತ್ತಿರಕ್ಕಿಂತ ಮೇಲೆ ಗಾಳಿಯ ವೇಗ ಹೆಚ್ಚು, ಆದ್ದರಿಂದ ಹಾಯಿಯ ತುದಿ ಬುಡಕ್ಕಿಂತ ತುಸು ತಿರುಚಿರಬೇಕು. ಆದರೆ ಗಿರಣಿಯಿಂದ ಬರುವ ಬಟ್ಟೆಯ ತಾನು ಚಪ್ಪಟೆ. ಚಪ್ಪಟೆ ಬಟ್ಟೆಗೆ ಈ ಉಬ್ಬು ಎಲ್ಲಿಂದ ಬಂತು?

ಉತ್ತರ ಊರಿನ ದರ್ಜಿಯ ಅಂಗಡಿಯಲ್ಲೇ ಇದೆ. ಕುಪ್ಪಸ ಹೊಲಿಯುವಾತ ಬಟ್ಟೆಯನ್ನು ಅಲ್ಲಲ್ಲಿ ಚೂಪಾಗಿ ಮಡಿಸಿ ಟಕ್ಸ್ ಹಿಡಿಯುತ್ತಾನೆ. ಚಪ್ಪಟೆ ಬಟ್ಟೆ ಮೈಗೆ ತಕ್ಕಂತೆ ದುಂಡಾಗುತ್ತದೆ. ಹಾಯಿ ಹೊಲಿಯುವವರದೂ ಇದೇ ಉಪಾಯ. ಉದ್ದುದ್ದ ಪಟ್ಟಿಗಳನ್ನು ಕತ್ತರಿಸುವಾಗ ಒಂದರ ಅಂಚನ್ನು ನೇರವಾಗಿಡದೆ ಕೆಲವೇ ಮಿಲಿಮೀಟರ್‌ಗಳಷ್ಟು ಬಾಗಿಸುತ್ತಾರೆ. ಬಾಗಿದ ಅಂಚನ್ನು ನೇರ ಅಂಚಿಗೆ ಸೇರಿಸಿ ಹೊಲಿದರೆ ಬಟ್ಟೆ ತಾನಾಗಿ ಉಬ್ಬುತ್ತದೆ. ಹತ್ತಾರು ಹೊಲಿಗೆಗಳ ಮಿಲಿಮೀಟರ್‌ಗಳೆಲ್ಲ ಕೂಡಿ ರೆಕ್ಕೆಯ ಆಕಾರವಾಗುತ್ತದೆ. ಹಾಯಿ ಕಟ್ಟುವ ಕೂವೆಕಂಬ ಗಾಳಿಗೆ ಎಷ್ಟು ಬಾಗುತ್ತದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಬೇಕು. ಕಂಬ ಬಾಗಿದಷ್ಟೂ ಹಾಯಿ ಚಪ್ಪಟೆಯಾಗುತ್ತದೆ. ಹೀಗಾಗಿ ಒಂದು ದೋಣಿಯ ಹಾಯಿ ಅದೇ ಅಳತೆಯ ಇನ್ನೊಂದಕ್ಕೆ ಸರಿಹೋಗಲೇಬೇಕೆಂದಿಲ್ಲ.

ದರ್ಜಿ ಬಲ್ಲ ಇನ್ನೊಂದು ಸತ್ಯವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಟ್ಟೆಯನ್ನು ಹಾಸಿನ ದಿಕ್ಕಿಗೋ ಹೊಕ್ಕಿನ ದಿಕ್ಕಿಗೋ ಎಳೆದರೆ ಅದು ಹೆಚ್ಚು ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದು ನೋಡಿ, ರಬ್ಬರಿನಂತೆ ಹಿಗ್ಗುತ್ತದೆ. ಕ್ರಾಸ್ ಕಟ್ಟಿಂಗಿನ ಗುಟ್ಟು ಇದೇ. ಹಿಗ್ಗಿದ ಹಾಯಿ ಆಕಾರಗೆಟ್ಟ ಹಾಯಿ. ಎಳೆತ ಎಲ್ಲಿ ಹೆಚ್ಚೋ ಅಲ್ಲಿ ನೂಲು ಆ ದಿಕ್ಕಿಗೇ ಬರುವಂತೆ ಪಟ್ಟಿಗಳನ್ನು ಜೋಡಿಸಬೇಕು.

ಈ ಆಕಾರದ ಬೆಲೆ ಏನೆಂಬುದು 1851ರ ಆಗಸ್ಟ್ 22ರಂದು ಇಂಗ್ಲೆಂಡಿನವರಿಗೆ ತಿಳಿಯಿತು. ಸಮುದ್ರಕ್ಕೆ ತಾವೇ ಒಡೆಯರು ಎಂದುಕೊಂಡಿದ್ದ ಕಾಲ ಅದು. ಅಟ್ಲಾಂಟಿಕ್ ದಾಟಿ ಬಂದ ‘ಅಮೆರಿಕ’ ಎಂಬ ಒಂದೇ ದೋಣಿ ವೈಟ್ ದ್ವೀಪ ಸುತ್ತುವ ಪಂದ್ಯದಲ್ಲಿ ಅವರ ದೋಣಿಗಳನ್ನೆಲ್ಲ ಹಿಂದೆ ಹಾಕಿತು. ಇಂಗ್ಲಿಷರ ಹಾಯಿಗಳು ಅಗಸೆ ನಾರಿನವು. ನಮ್ಮಲ್ಲಿ ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವಲ್ಲ, ಅದೇ ಅಗಸೆ ಜಾತಿಯ ಗಿಡ. ಆ ಬಟ್ಟೆ ಜೋತುಬಿದ್ದು ಚೀಲದಂತಾಗುತ್ತಿತ್ತು. ಬಿಗಿಯಾಗಲೆಂದು ಅದಕ್ಕೆ ನೀರು ಎರಚುತ್ತಿದ್ದರು. ಅಮೆರಿಕದವರದು ಯಂತ್ರದಲ್ಲಿ ನೇಯ್ದ ಬಿಗಿ ಹತ್ತಿ ಬಟ್ಟೆ, ಹಲಗೆಯಂತೆ ಚಪ್ಪಟೆ. ಗೆಲುವಿಗೆ ದೋಣಿಯ ಮೈಕಟ್ಟೂ ಕಾರಣವೇ, ಆದರೆ ಸೋತವರು ಮರುವರ್ಷದಿಂದ ಬದಲಿಸಲು ತೊಡಗಿದ್ದರಲ್ಲಿ ಹಾಯಿಯೂ ಸೇರಿತ್ತು. ‘ಅಮೆರಿಕಾಸ್ ಕಪ್’ ಎಂಬ ಹೆಸರಾಂತ ಪಂದ್ಯ ಹುಟ್ಟಿದ್ದು ಈ ದೋಣಿಯ ಹೆಸರಿನಿಂದ.

1950ರ ದಶಕದ ನಂತರ ಹತ್ತಿಯ ಜಾಗಕ್ಕೆ ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ಬಂತು. ಆಮೇಲೆ ಮೈಲಾರ್ ಹಾಳೆ, ಕೆವ್ಲಾರ್ ನೂಲು, ಕಾರ್ಬನ್ ಎಳೆ. ಇಂದು ವಿನ್ಯಾಸ ಕಂಪ್ಯೂಟರಿನಲ್ಲಿ, ಕತ್ತರಿಸುವ ಕೆಲಸ ಯಂತ್ರದ್ದು. ಪಂದ್ಯದ ದುಬಾರಿ ಹಾಯಿಗಳನ್ನು ಹೊಲಿಯುವುದೇ ಇಲ್ಲ. ಎಳೆಗಳನ್ನು ಅಂಟಿನೊಂದಿಗೆ ಅಚ್ಚಿನ ಮೇಲೆ ಹಾಸಿ ಉಬ್ಬಿದ ಆಕಾರದಲ್ಲೇ ಗಟ್ಟಿ ಮಾಡುತ್ತಾರೆ. ಇಂಥ ಹಾಯಿಗಳಿಗೆ ಹೆಸರಾದ ಅಮೆರಿಕದ ನಾರ್ತ್ ಸೈಲ್ಸ್ ಕಂಪೆನಿಯ ಕಾರ್ಖಾನೆ ಪಕ್ಕದ ಶ್ರೀಲಂಕಾದಲ್ಲಿಯೇ ಇದೆ. ಹಾಗೆಂದು ಹೊಲಿಗೆಯ ಕಾಲ ಮುಗಿದಿಲ್ಲ. ಹಾಯಿ ಹೊಲಿಯುವ ಹಲವು ಶಾಲೆಗಳಲ್ಲಿ ಯಂತ್ರವನ್ನು ನೆಲದಲ್ಲಿ ಗುಂಡಿ ತೋಡಿ ಕೂರಿಸಿರುತ್ತಾರೆ. ಹೊಲಿಯುವವನ ಕಾಲು ಗುಂಡಿಯಲ್ಲಿ, ಬಟ್ಟೆ ಮಾತ್ರ ನೆಲದ ಮಟ್ಟದಲ್ಲಿ ಅಂಗಳದಷ್ಟಗಲ ಹರಡಿಕೊಂಡಿರುತ್ತದೆ.

ಪಂದ್ಯದ ಹಾಯಿ ಹಗುರ, ಬಿಗಿ, ಅಲ್ಪಾಯುಷಿ. ದೂರಯಾನದ ಹಾಯಿ ಹಾಗಲ್ಲ. ಬಿಸಿಲು ಬಟ್ಟೆಯನ್ನು ತಿನ್ನುತ್ತದೆ, ಉಜ್ಜಾಟ ಹೊಲಿಗೆಯನ್ನು ಕಡಿಯುತ್ತದೆ. ಆದ್ದರಿಂದ ಮೂರು ಸಾಲು ಅಂಕುಡೊಂಕು ಹೊಲಿಗೆ, ಮೂಲೆಗಳಿಗೆ ಪದರದ ಮೇಲೆ ಪದರ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಆಗ ಹಾಯಿಯನ್ನು ಮಡಿಸಿ ಚಿಕ್ಕದು ಮಾಡಲು ಸಾಲಾಗಿ ತೂತುಗಳನ್ನು ಇಟ್ಟಿರಬೇಕು. ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಮಹಿಳಾ ಅಧಿಕಾರಿಗಳು ಗೋವೆಯಲ್ಲಿ ಕಟ್ಟಿದ ‘ತಾರಿಣಿ’ಯಲ್ಲಿ 2024ರ ಅಕ್ಟೋಬರ್‌ನಿಂದ 2025ರ ಮೇವರೆಗೆ ಭೂಮಿ ಸುತ್ತಿ ಬಂದರು. ನಡುಗಡಲಿನಲ್ಲಿ ಹಾಯಿ ಹರಿದರೆ ಕೂಗಿ ಕರೆಯಲು ದರ್ಜಿ ಇರುವುದಿಲ್ಲ. ದೂರ ಹೋಗುವವರು ಸೂಜಿ, ಮೇಣದ ದಾರ, ಅಂಗೈಗೆ ತೊಡುವ ಚರ್ಮದ ಪಟ್ಟಿ ಇಟ್ಟುಕೊಂಡೇ ಹೊರಡುತ್ತಾರೆ.

ನಮ್ಮ ರಾಜ್ಯದ ಕರಾವಳಿಯಲ್ಲಿ ಈಚೆಗೆ ಒಂದು ವಿಶೇಷ ನಡೆಯಿತು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಡಗು ನೌಕಾಪಡೆಯನ್ನು ಸೇರಿತು. ಅಜಂತಾ ಗುಹೆಯ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ನಕ್ಷೆಯಿಲ್ಲ, ಅಳತೆಯಿಲ್ಲ, ಹಾಯಿಯನ್ನೂ ಹಗ್ಗಗಳನ್ನೂ ಮೊದಲಿನಿಂದ ಲೆಕ್ಕ ಹಾಕಿ ರೂಪಿಸಬೇಕಾಯಿತು. ಅದರ ಚೌಕ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಈ ಹಡಗು 2026ರ ಜನವರಿ 14ರಂದು ಮಸ್ಕತ್ ತಲುಪಿತು. ನಿಕಿಟಿನ್ ತನ್ನ ಕುದುರೆಯೊಂದಿಗೆ ಬಂದ ಕಡಲದಾರಿಯ ಒಂದು ಭಾಗವನ್ನು ತಿರುವುಮುರುವಾಗಿ ಕ್ರಮಿಸಿದಂತಾಯಿತು.

ಸಮುದ್ರವಿಲ್ಲದ ಊರಿನ ಮಕ್ಕಳಿಗೆ ಇದರಲ್ಲೇನಿದೆ ಎಂದು ತಂದೆತಾಯಿ ಕೇಳಬಹುದು. 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿ ಸ್ಪರ್ಧೆಯ ಬೆಳ್ಳಿ ಪದಕ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಕಲಿತದ್ದು ಭೋಪಾಲದ ಕೆರೆಯಲ್ಲಿ. ಕೊಡಗಿನ ಮನೆತನದ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೊತೆಗೂಡಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದು, ಟೋಕಿಯೋ ಒಲಿಂಪಿಕ್ಸಿಗೂ ಹೋಗಿಬಂದರು. ಬೀದರಿಗೆ ಹತ್ತಿರದ ಹುಸೇನ್ ಸಾಗರದಲ್ಲಿಯೂ ಮಕ್ಕಳು ಕಲಿಯುತ್ತಾರೆ. ದೋಣಿ ಓಡಿಸುವುದಕ್ಕಿಂತ ಹಾಯಿ ರೂಪಿಸುವುದು ಇಷ್ಟವಾದರೆ ಬೇಕಾದದ್ದು ರೇಖಾಗಣಿತ, ಭೌತಶಾಸ್ತ್ರ, ಬಟ್ಟೆಯ ಗುಣ ಅರಿತ ಕೈ. ಮೂರನೆಯದನ್ನು ಕಾಲೇಜು ಕಲಿಸುವುದು ಅಷ್ಟಕ್ಕಷ್ಟೇ.

ಹದಿನೈದು ವರ್ಷದೊಳಗಿನ ಮಕ್ಕಳು ಮೊದಲು ಹತ್ತುವುದು ಆಪ್ಟಿಮಿಸ್ಟ್ ಎಂಬ 2.3 ಮೀಟರ್ ಉದ್ದದ ಪುಟ್ಟ ದೋಣಿ. ಅದಕ್ಕೊಂದೇ ಹಾಯಿ, ಸುಮಾರು 3.3 ಚದರ ಮೀಟರ್. ಅರ್ಧ ಸೀರೆಯಷ್ಟು ಬಟ್ಟೆ. ಅದನ್ನೂ ಮಗುವಿನ ತೂಕ ಕೇಳಿಯೇ ಕತ್ತರಿಸುತ್ತಾರೆ. ಭಾರದ ಹುಡುಗ ದೋಣಿಯನ್ನು ವಾಲದಂತೆ ಹಿಡಿದಿಡಬಲ್ಲ, ಅವನಿಗೆ ಹೆಚ್ಚು ಉಬ್ಬಿನ ಹಾಯಿ. ಹಗುರ ಹುಡುಗಿಗೆ ಚಪ್ಪಟೆಯದು.